ಪೈಪು ಹೋದರೂ ಹಾದಿ ಉಳಿದಿರುತ್ತದೆ

ಇಂಜಿನಿಯರುಗಳ ದಿನದಂದು ಕಲಬುರಗಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಮೇಜಿನ ಮೇಲೆ ಎರಡು ತುಂಡು ಇಟ್ಟಿದ್ದೇನೆ. ಒಂದು, ಒಡೆದ ಸ್ಟೋನ್‌ವೇರ್ ಪೈಪಿನದು. ಉಪ್ಪಿನಕಾಯಿ ಭರಣಿಯ ಹಾಗೆ ಕಂದು ಬಣ್ಣ, ಹೊಳೆಯುವ ಮೈ. ಇನ್ನೊಂದು, ಆರು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಉಂಗುರ. ಎರಡನ್ನೂ ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತ ಹೋಗಿ. ಉಂಗುರವನ್ನು ಎರಡೂ ಕೈಯಿಂದ ಅದುಮಿ ನೋಡಿ, ಜಗ್ಗುವುದಿಲ್ಲ. ಭೂಮಿಯೊಳಗೆ ಹೋಗುವಾಗ ಅದು ತೊಯ್ದ ಬಟ್ಟೆಯಷ್ಟು ಮೆತ್ತಗಿತ್ತು. ಕೆಲವೇ ತಾಸಿನಲ್ಲಿ ಹೀಗಾಯಿತು. ಅದು ಹೇಗೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ರಸ್ತೆ ಅಗೆಯದೆ ಹಳೆಯ ಒಳಚರಂಡಿ ಪೈಪನ್ನು ಒಳಗಿನಿಂದಲೇ ಹೊಸದು ಮಾಡುವುದು ಇವತ್ತಿನ ವಿಷಯ. ಮೊದಲು ಆ ಒಡೆದ ತುಂಡಿನ ಕಥೆ.

ಸ್ಟೋನ್‌ವೇರ್ ಒಳ್ಳೆಯ ವಸ್ತು. ಸುಟ್ಟ ಜೇಡಿಮಣ್ಣು, ಆಸಿಡ್ ತಿನ್ನುವುದಿಲ್ಲ, ತುಕ್ಕಿನ ಮಾತೇ ಇಲ್ಲ. ನಮ್ಮ ಹಿರಿಯರು ಅದನ್ನು ಆರಿಸಿದ್ದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಅದರ ಉದ್ದದಲ್ಲಿ. ಸಾಮಾನ್ಯವಾಗಿ ಒಂದು ತುಂಡು 60 ಸೆಂಟಿಮೀಟರ್, ಅಂದರೆ ಎರಡು ಅಡಿ. ಒಂದು ಚೇಂಬರಿನಿಂದ, ಅಂದರೆ ಮ್ಯಾನ್ ಹೋಲಿನಿಂದ, ಇನ್ನೊಂದಕ್ಕೆ 30 ಮೀಟರ್ ಇದ್ದರೆ 50 ತುಂಡು ಬೇಕು. ತುಂಡಿಗೊಂದು ಜಾಯಿಂಟ್. ಆ ಜಾಯಿಂಟಿನಲ್ಲಿ ಡಾಂಬರು ಹಚ್ಚಿದ ಸೆಣಬಿನ ಹುರಿ ತುರುಕಿ, ಮೇಲೆ ಸಿಮೆಂಟ್ ಗಾರೆ ಮೆತ್ತುತ್ತಿದ್ದರು. ಕಟ್ಟಿದ ದಿನ ಅದು ಗಟ್ಟಿಯೇ. ಆದರೆ ಅದನ್ನು ಹೂಳಿದ್ದು ಎಂಥ ಮಣ್ಣಿನಲ್ಲಿ?

ಇಲ್ಲಿ ತೊಗರಿ ಬೆಳೆಯುವ ಮನೆತನದವರು ಬಹಳ ಮಂದಿ ಇದ್ದೀರಿ, ನಿಮಗೆ ನಾನು ಎರಿ ಮಣ್ಣಿನ ಪಾಠ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಹೊಲದ ಬಿರುಕಿನೊಳಗೆ ಮೊಣಕೈತನಕ ಕೈ ಹೋಗುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ, ಬಿರುಕು ಇತ್ತು ಎಂಬ ಗುರುತೂ ಸಿಗುವುದಿಲ್ಲ. ನಮ್ಮ ಮನೆಗಳ ಗೋಡೆ ಓರೆಯಾಗಿ ಸೀಳುವುದು ಇದೇ ಕಾರಣಕ್ಕೆ. ನೆಲದ ಮೇಲಿನ ಗೋಡೆಗೆ ಹೀಗಾದರೆ ನೆಲದೊಳಗಿನ ಪೈಪಿನ ಪಾಡು ಯೋಚಿಸಿ. ವರ್ಷಕ್ಕೊಮ್ಮೆ ಹಿಗ್ಗುತ್ತದೆ, ವರ್ಷಕ್ಕೊಮ್ಮೆ ಕುಗ್ಗುತ್ತದೆ; ಗಾರೆಯ ಜಾಯಿಂಟಿಗೆ ಬಾಗುವ ಗುಣ ಇಲ್ಲ. ಒಂದು ಜಾಯಿಂಟ್ ಕೂದಲೆಳೆಯಷ್ಟು ಬಿಟ್ಟಿತು ಎಂದುಕೊಳ್ಳಿ. ಅಲ್ಲಿ ನೀರು ಸೋರಿ ಅಷ್ಟೇ ಜಾಗದ ಮಣ್ಣು ಉಬ್ಬುತ್ತದೆ. ಪೈಪಿನ ಒಂದು ತುಂಡು ಎದ್ದು, ಪಕ್ಕದ್ದು ಇದ್ದಲ್ಲೇ ಉಳಿಯುತ್ತದೆ. ಬಿರುಕು ತನ್ನನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತ ಹೋಗುತ್ತದೆ. ಓಣಿಯ ಬೇವಿನ ಮರ ನೀರಿನ ವಾಸನೆ ಹಿಡಿದು ದಾರದಂಥ ಬೇರನ್ನು ಒಳಗೆ ಬಿಡುತ್ತದೆ, ಎರಡು ವರ್ಷದಲ್ಲಿ ಆ ದಾರ ಜಡೆಯಾಗುತ್ತದೆ. ಮಳೆಗಾಲದಲ್ಲಿ ಹೊರಗಿನ ನೀರು ಒಳಗೆ ನುಗ್ಗುವಾಗ ಸಣ್ಣ ಮಣ್ಣನ್ನೂ ಎಳೆದು ತರುತ್ತದೆ. ಆ ಮಣ್ಣು ಇದ್ದ ಜಾಗ ಪೊಳ್ಳಾಗುತ್ತದೆ. ಒಂದು ದಿನ ಮರಳಿನ ಲಾರಿಯ ಗಾಲಿ ರಸ್ತೆಯೊಳಗೆ ಇಳಿದಾಗ ನಾವು ರಸ್ತೆ ಮಾಡಿದವರನ್ನು ಬೈಯುತ್ತೇವೆ.

ದೊಡ್ಡ ಲೈನುಗಳಲ್ಲಿ ಇರುವುದು ಹ್ಯೂಮ್ ಪೈಪು, ಕಬ್ಬಿಣ ಹಾಕಿದ ಸಿಮೆಂಟಿನದು. ಅದರ ಸಾವು ಬೇರೆ ರೀತಿ. ಕೊಳಚೆ ನಿಧಾನವಾಗಿ ಹರಿದರೆ ತಳದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಕೊಳೆತ ಮೊಟ್ಟೆಯ ವಾಸನೆ. ಆ ಅನಿಲ ಮೇಲೆದ್ದು ಪೈಪಿನ ಒದ್ದೆ ನೆತ್ತಿಗೆ ಅಂಟುತ್ತದೆ. ಅಲ್ಲಿ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಸಿಡ್ ಮಾಡುತ್ತವೆ. ಹೀಗಾಗಿ ಹ್ಯೂಮ್ ಪೈಪು ನೀರು ಹರಿಯುವ ತಳದಲ್ಲಿ ಅಲ್ಲ, ನೀರೇ ಮುಟ್ಟದ ನೆತ್ತಿಯಲ್ಲಿ ಸವೆಯುತ್ತದೆ. ಸಿಮೆಂಟು ನೆನೆದ ಸುಣ್ಣದಂತೆ ಉದುರಿ, ಕಬ್ಬಿಣದ ಸರಳು ಪಕ್ಕೆಲುಬಿನಂತೆ ಕಾಣುತ್ತದೆ. ನಮ್ಮ ಬಿಸಿಲಿಗೆ ಈ ಕೆಲಸ ಇನ್ನೂ ಬೇಗ ಆಗುತ್ತದೆ.

ಇನ್ನು ನಾನು ಇವತ್ತು ಹೇಳಬೇಕೆಂದು ಬಂದ ಮಾತು. ಇಷ್ಟೆಲ್ಲ ಆದರೂ ಅಲ್ಲಿ ಒಂದು ಆಸ್ತಿ ಉಳಿದಿರುತ್ತದೆ. ಅದು ಪೈಪಲ್ಲ, ಪೈಪು ಹಿಡಿದಿಟ್ಟ ಹಾದಿ. 200 ಮಿಲಿಮೀಟರ್ ಪೈಪಿಗೆ ಸುಮಾರು 250 ಅಡಿಗೆ ಒಂದು ಅಡಿ ಇಳಿಜಾರು ಬೇಕು. ಅಷ್ಟು ಸಣ್ಣ ಇಳಿಜಾರನ್ನು ಓಣಿಯಿಂದ ಓಣಿಗೆ, ಊರಿನ ಈ ತುದಿಯಿಂದ ಶುದ್ಧೀಕರಣ ಘಟಕದವರೆಗೆ ತಪ್ಪದಂತೆ ಯಾರೋ ಮಟ್ಟ ಅಳೆಯುವ ಡಂಪಿ ಲೆವೆಲ್ ಹಿಡಿದು, ಇಳಿಜಾರು ಗುರುತಿಸುವ ಅಡ್ಡಪಟ್ಟಿ ಸೈಟ್ ರೈಲ್ ಕಟ್ಟಿ, ಕರಿಕಲ್ಲನ್ನು ಸುತ್ತಿಗೆಯಲ್ಲಿ ಒಡೆದು ಮಾಡಿಟ್ಟಿದ್ದಾರೆ. ಆಗ ಮೇಲೆ ಬಯಲಿತ್ತು. ಈಗ ಅದೇ ಹಾದಿಯ ಮೇಲೆ ಅಂಗಡಿ, ಕುಡಿಯುವ ನೀರಿನ ಪೈಪು, ಕರೆಂಟಿನ ಕೇಬಲ್, ಫೈಬರ್, ಎಲ್ಲ ಇದೆ. ಅಗೆದು ಹೊಸದು ಹಾಕುತ್ತೇವೆ ಅಂದರೆ ಆ ಹಾದಿಯನ್ನು ಕೆಡಿಸಿ ಮತ್ತೆ ಹುಡುಕುತ್ತೇವೆ ಎಂದೇ ಅರ್ಥ. ಸೂಪರ್ ಮಾರ್ಕೆಟ್ಟಿನ ರಸ್ತೆಯಲ್ಲಿ ಎರಡು ಮೀಟರ್ ಆಳದ ಕಾಲುವೆ ತೋಡಿ ಒಂದು ತಿಂಗಳು ತೆರೆದಿಟ್ಟರೆ ಅಲ್ಲಿನ ವ್ಯಾಪಾರಿಗೆ ಏನಾಗುತ್ತದೆ ಎಂಬುದನ್ನು ಯಾವ ಎಸ್ಟಿಮೇಟೂ ಲೆಕ್ಕ ಹಿಡಿಯುವುದಿಲ್ಲ.

ಹಾದಿಯ ಮಾತು ಬಂದದ್ದಕ್ಕೆ ಬೀದರಿನ ಕರೇಜ್ ನೆನಪಾಗುತ್ತದೆ. ನೋಡದವರು ಒಂದು ಭಾನುವಾರ ನೌಬಾದಿಗೆ ಹೋಗಿ ನೋಡಿ ಬನ್ನಿ. ಬಹಮನಿಯರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ಕೊರೆದ ಸುರಂಗ ಬಾವಿ. ಮೂರು ಕಿಲೋಮೀಟರಿನಷ್ಟು ಉದ್ದ. ಮೇಲಿನಿಂದ ಸಾಲಾಗಿ ಕೊಳವೆಯಂಥ ಬಾವಿ ಇಳಿಸಿ, ಒಂದು ಬಾವಿಯ ತಳದಿಂದ ಇನ್ನೊಂದರ ತಳಕ್ಕೆ ಕೊರೆಯುತ್ತ, ನೀರು ತಾನೇ ಹರಿಯುವಷ್ಟೇ ಇಳಿಜಾರು ಇಟ್ಟಿದ್ದಾರೆ. ನೆಲವನ್ನು ಉದ್ದಕ್ಕೂ ಸೀಳಲಿಲ್ಲ. ಈಚಿನ ವರ್ಷಗಳಲ್ಲಿ ಹೂಳು ತೆಗೆದಾಗ ಒಳಗೆ ಮತ್ತೆ ನೀರು ಕಂಡಿತು, ಏಕೆಂದರೆ ಇಳಿಜಾರು ಹಾಗೇ ಇತ್ತು. ಕರೇಜ್ ಕುಡಿಯುವ ನೀರಿನದು, ನಾನು ಮಾತಾಡುತ್ತಿರುವುದು ಕೊಳಚೆಯದು; ಆದರೆ ಬಾವಿಯಿಂದ ಬಾವಿಗೆ ಕೆಲಸ ಮಾಡುವ ಬುದ್ಧಿ ಒಂದೇ. ಇವತ್ತು ನಾವು ಟ್ರೆಂಚ್‌ಲೆಸ್ (ನೆಲ ಅಗೆಯದ ವಿಧಾನ) ಅಂತ ಕರೆಯುವುದು ಚೇಂಬರಿನಿಂದ ಚೇಂಬರಿಗೆ ನಡೆಯುವ ಕೆಲಸ.

ಇವತ್ತು ವಿಶ್ವೇಶ್ವರಯ್ಯನವರ ಜನ್ಮದಿನ. ಅವರೆಂದರೆ ನಮಗೆ ಕನ್ನಂಬಾಡಿ. ಆದರೆ 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮ ಸರ್ಕಾರ 1909ರಲ್ಲಿ ಅವರನ್ನು ಕರೆಸಿತು. ಅವರು ಪ್ರವಾಹ ತಡೆಯುವ ಜಲಾಶಯಗಳ ಯೋಜನೆ ಕೊಟ್ಟದ್ದಲ್ಲದೆ ಆ ನಗರದ ಒಳಚರಂಡಿಯ ಯೋಜನೆಯನ್ನೂ ಮಾಡಿದರು. 1948ರವರೆಗೆ ನಾವೂ ಅದೇ ಸಂಸ್ಥಾನದವರು. ಅಷ್ಟು ದೊಡ್ಡವರು ಗಟಾರದ ಲೆಕ್ಕವನ್ನು ಅಣೆಕಟ್ಟಿನಷ್ಟೇ ಶ್ರದ್ಧೆಯಿಂದ ಹಾಕಿದರು ಎಂಬುದನ್ನು, ಯುಜಿಡಿ, ಅಂದರೆ ಒಳಚರಂಡಿ, ವಿಭಾಗಕ್ಕೆ ಹಾಕಿದರೆಂದು ಬೇಸರ ಮಾಡಿಕೊಳ್ಳುವ ಹುಡುಗರಿಗೆ ನಾನು ಯಾವಾಗಲೂ ಹೇಳುತ್ತೇನೆ.

ಈಗ ಉಂಗುರದ ಕಥೆ. 1971ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಎರಿಕ್ ವುಡ್ ಎಂಬ ಇಂಜಿನಿಯರ್ ಒಂದು ಹಳೆಯ ಇಟ್ಟಿಗೆ ಸೀವರಿನ, ಅಂದರೆ ಒಳಚರಂಡಿ ಕಾಲುವೆಯ, ಒಳಗೆ, ಸುಮಾರು 70 ಮೀಟರ್ ಉದ್ದಕ್ಕೆ, ಬಟ್ಟೆಯ ಚೀಲ ತೂರಿಸಿ ಅದನ್ನು ಅಲ್ಲೇ ಗಟ್ಟಿ ಮಾಡಿದ. ಇವತ್ತು ಸಿಐಪಿಪಿ (ಕ್ಯೂರ್ಡ್ ಇನ್ ಪ್ಲೇಸ್ ಪೈಪ್, ಇದ್ದಲ್ಲೇ ಗಟ್ಟಿಯಾಗುವ ಪೈಪು) ಎಂದು ಕರೆಯುವ ವಿಧಾನ ಅಲ್ಲಿಂದ ಶುರು. ಹಳೆಯ ಪೈಪು ಅಚ್ಚು, ಒಳಗೆ ಹೊಸ ಪೈಪು ಎರಕ. ನಮ್ಮ ದೇಶದಲ್ಲೂ, ದೆಹಲಿಯ ಹಳೆಯ ದೊಡ್ಡ ಸೀವರುಗಳಿಗೆ ಇದನ್ನು ಮಾಡಿದ್ದಾರೆ.

ಬಟ್ಟೆ ಮಗ್ಗದಲ್ಲಿ ನೆಯ್ದದ್ದಲ್ಲ. ಪಾಲಿಯೆಸ್ಟರ್ ಎಳೆಗಳನ್ನು ಸೂಜಿಯಿಂದ ಕುಟ್ಟಿ ಕುಟ್ಟಿ ದಪ್ಪ ಹಾಸು ಮಾಡಿ, ಪೈಪಿನ ಅಳತೆಗೆ ಕೊಳವೆಯಾಗಿ ಹೊಲಿದಿರುತ್ತಾರೆ. ಹೊರಮೈಗೆ ತೆಳು ಪ್ಲಾಸ್ಟಿಕ್ ಪದರ. ಒಳಗಿನ ಗಾಳಿ ಎಳೆದು, ರಾಳವನ್ನು, ಅಂದರೆ ರೆಸಿನ್ನನ್ನು, ಎಳೆ ಎಳೆಗೂ ಕುಡಿಸುತ್ತಾರೆ. ಆಮೇಲಿನದು ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಕೆಲಸ: ಲಂಗದ ಲಾಡಿ ತಿರುವಿದ ಹಾಗೆ. ಲಾಡಿಯನ್ನು ಒಳಮೈ ಹೊರಗೆ ಮಾಡಿ ಹೊಲಿದು, ತುದಿ ಹಿಡಿದು ತಿರುವುತ್ತೀರಲ್ಲ, ಅದೇ. ಚೇಂಬರಿನ ಮೇಲೆ ಅಟ್ಟಣೆ ಕಟ್ಟಿ, ಕೊಳವೆಯ ಬಾಯನ್ನು ಹೊರಕ್ಕೆ ಮಡಚಿ ಕಟ್ಟಿ, ಮೇಲಿನಿಂದ ನೀರು ತುಂಬುತ್ತಾರೆ. ನೀರಿನ ಭಾರಕ್ಕೆ ಕೊಳವೆ ತನ್ನೊಳಗೇ ತಿರುವಿಕೊಳ್ಳುತ್ತ ಪೈಪಿನೊಳಗೆ ಸಾಗುತ್ತದೆ. ರೆಸಿನ್ ಕುಡಿದ ಮೈ ಹೊರಗೆ ಬಂದು ಹಳೆಯ ಪೈಪಿಗೆ ಒತ್ತಿಕೊಳ್ಳುತ್ತದೆ, ನುಣುಪು ಪ್ಲಾಸ್ಟಿಕ್ ಮೈ ಒಳಗಾಗುತ್ತದೆ. ಎಲ್ಲೂ ಉಜ್ಜುವುದಿಲ್ಲ, ಎಳೆಯುವುದಿಲ್ಲ. ನಂತರ ಅದೇ ನೀರನ್ನು ಬಾಯ್ಲರಿನಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಿ ಸುತ್ತಿಸಿದರೆ ರೆಸಿನ್ ಗಟ್ಟಿಯಾಗುತ್ತದೆ. ನಿಧಾನವಾಗಿ ತಣಿಸಿ ತುದಿ ಕತ್ತರಿಸುತ್ತಾರೆ. 30 ಮೀಟರಿನಲ್ಲಿ 50 ಜಾಯಿಂಟ್ ಇದ್ದಲ್ಲಿ ಈಗ ಒಂದೂ ಇಲ್ಲ. ಎರಿ ಮಣ್ಣಿನ ಊರಿಗೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಆದರೆ ನಮ್ಮ ಊರಿಗೆ ಬಂದಾಗ ಒಂದು ಎಚ್ಚರ ಬೇಕು. ರೆಸಿನ್ನಿಗೆ ಗಟ್ಟಿಯಾಗಿಸುವ ಮದ್ದು ಬೆರೆಸಿದ ಕ್ಷಣದಿಂದ ಅದು ಬಿಸಿಗಾಗಿ ಕಾಯುತ್ತಿರುತ್ತದೆ. ಲಂಡನ್ನಿನ ಚಳಿಯಲ್ಲಿ ಅದು ಸುಮ್ಮನಿರುತ್ತದೆ. ಇಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ. ಮಂಜುಗಡ್ಡೆಯ ನಡುವೆ ಇಟ್ಟು, ತಣ್ಣನೆಯ ಲಾರಿಯಲ್ಲಿ ತರದಿದ್ದರೆ ಲಾರಿಯೊಳಗೇ ಮರದ ದಿಮ್ಮಿಯಾಗಿ ಕೂರುತ್ತದೆ. ಅರ್ಧ ಪೈಪಿನೊಳಗೆ ಹೋದಾಗ ಗಟ್ಟಿಯಾಯಿತೋ, ಆಗ ಅಗೆಯಲೇಬೇಕು. ಹಾಗಾಗಿ ನಮ್ಮ ಕಡೆಯ ಟೆಂಡರಿನಲ್ಲಿ ಕೆಲಸದ ತಿಂಗಳನ್ನೇ ಬರೆಯಬೇಕು ಎನ್ನುತ್ತೇನೆ: ದೀಪಾವಳಿಯಿಂದ ಶಿವರಾತ್ರಿ. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಇನ್ನೊಂದು ದಾರಿ ಅಲ್ಟ್ರಾವೈಲೆಟ್ ಬೆಳಕಿನದು. ಗಾಜಿನ ನೂಲಿನ ಲೈನರನ್ನು, ಅಂದರೆ ಒಳಪದರದ ಕೊಳವೆಯನ್ನು, ವಿಂಚಿನಿಂದ ಎಳೆದು, ಗಾಳಿ ತುಂಬಿ ಉಬ್ಬಿಸಿ, ದೀಪಗಳ ಸರವನ್ನು ಒಳಗೆ ನಿಧಾನವಾಗಿ ಎಳೆಯುತ್ತಾರೆ. ಬೆಳಕು ಬೀಳುವತನಕ ಅದು ಗಟ್ಟಿಯಾಗುವುದಿಲ್ಲ, ಗೋಡೆಯೂ ತೆಳುವಾಗಿ ಸಾಲುತ್ತದೆ. ಬೆಲೆ ಹೆಚ್ಚು. ಆದರೂ ಕಿರಿದಾದ ಓಣಿಗೆ ನಾನಾದರೆ ಅದನ್ನೇ ಆರಿಸುತ್ತೇನೆ.

ಒಳಗೆ ಇನ್ನೊಂದು ಪೈಪು ಹಾಕಿದರೆ ಜಾಗ ಕಡಿಮೆಯಾಗುವುದಿಲ್ಲವೇ? ಎಲ್ಲ ಸಭೆಯಲ್ಲೂ ಬರುವ ಪ್ರಶ್ನೆ, ನ್ಯಾಯವಾದದ್ದೇ. ಲೆಕ್ಕ ಹಾಕೋಣ. 300 ಮಿಲಿಮೀಟರ್ ಪೈಪಿಗೆ 6 ಮಿಲಿಮೀಟರ್ ಲೈನರ್ ಹಾಕಿದರೆ ಒಳವ್ಯಾಸ 288. ಜಾಗ ನೂರಕ್ಕೆ ಎಂಟರಷ್ಟು ಹೋಯಿತು. ಆದರೆ ಹಳೆಯ ಪೈಪಿನ ಒರಟು ಮೈಗೆ ಮ್ಯಾನಿಂಗ್ ಅಂಕ, ಅಂದರೆ ಮೈ ಎಷ್ಟು ಒರಟು ಎಂದು ಹೇಳುವ ಅಂಕ, 0.013 ಎಂದರೆ ಹೊಸದಕ್ಕೆ 0.010. ಎರಡನ್ನೂ ಸೇರಿಸಿ ಸೂತ್ರಕ್ಕೆ ಹಾಕಿದರೆ ಹರಿವಿನ ಶಕ್ತಿ ನೂರಕ್ಕೆ 16ರಷ್ಟು ಹೆಚ್ಚುತ್ತದೆ. ಕಾಲ ಕಳೆದಂತೆ ಲೋಳೆ ಹಿಡಿಯುವುದರಿಂದ ನಾನು ಅಷ್ಟನ್ನು ನಂಬುವುದಿಲ್ಲ, 0.011 ಹಿಡಿಯಿರಿ, ಆಗಲೂ ನೂರಕ್ಕೆ ಆರು ಹೆಚ್ಚೇ. ಅದೇ 300ರೊಳಗೆ 250ರ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪನ್ನು ಸೀದಾ ತೂರಿಸಿದರೆ, ಅದನ್ನು ಸ್ಲಿಪ್ ಲೈನಿಂಗ್ ಎನ್ನುತ್ತಾರೆ, ಒಳವ್ಯಾಸ 226ಕ್ಕೆ ಇಳಿಯುತ್ತದೆ. ಮೈ ಎಷ್ಟೇ ನುಣುಪಿದ್ದರೂ ಹತ್ತಿರ ಹತ್ತಿರ ನೂರಕ್ಕೆ 40 ಪಾಲು ಶಕ್ತಿ ಹೋಗುತ್ತದೆ. ಅಗ್ಗ, ಸುಲಭ, ಬಟ್ಟೆ ಬೇಡ, ಬಾಯ್ಲರ್ ಬೇಡ. ಆದರೆ ನಮ್ಮ ಊರು ಬೆಳೆಯುತ್ತಿದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ಜೊತೆ ನಮ್ಮಲ್ಲೂ ಕೆಲವು ಭಾಗಗಳಲ್ಲಿ 24 ತಾಸಿನ ನೀರಿನ ಪ್ರಯೋಗ ನಡೆದದ್ದು ನೆನಪಿರಬೇಕು. ನಳದಲ್ಲಿ ಬಂದದ್ದೆಲ್ಲ ಬಚ್ಚಲಿಗೆ ಹೋಗಲೇಬೇಕು. ಈಗಲೇ ತುಂಬಿ ಹರಿಯುವ ಲೈನಿಗೆ ಸ್ಲಿಪ್ ಲೈನಿಂಗ್ ಬೇಡ.

ಬೇರೆ ವಿಧಾನಗಳನ್ನು ಚುಟುಕಾಗಿ ಹೇಳುತ್ತೇನೆ. ಪಿವಿಸಿ ಪಟ್ಟಿಯನ್ನು ಚೇಂಬರಿನಲ್ಲಿಟ್ಟ ಯಂತ್ರದಿಂದ ಸುರುಳಿ ಸುತ್ತಿ ಪೈಪು ಮಾಡುವುದು ದೊಡ್ಡ ಇಟ್ಟಿಗೆ ಸೀವರುಗಳಿಗೆ ಚೆನ್ನ, ಸ್ವಲ್ಪ ನೀರು ಹರಿಯುತ್ತಿದ್ದರೂ ನಡೆಯುತ್ತದೆ. ಹಳೆಯ ಪೈಪನ್ನು ಒಳಗಿನಿಂದ ಒಡೆದು ಚೂರುಗಳನ್ನು ಸುತ್ತಲಿನ ಮಣ್ಣಿಗೆ ಒತ್ತುತ್ತ ಹೊಸ ಪೈಪು ಎಳೆಯುವುದು ಪೈಪ್ ಬರ್ಸ್ಟಿಂಗ್. ಅಗೆಯದೆ ಸಣ್ಣ ಪೈಪನ್ನು ದೊಡ್ಡದು ಮಾಡಲು ಅದು ಮುಖ್ಯ ದಾರಿ. ಆದರೆ ನಮ್ಮಲ್ಲಿ ಬಹಳ ಕಡೆ ಬಂಡೆಯಲ್ಲಿ ಕೊರೆದ ಕಾಲುವೆಯಲ್ಲಿ ಪೈಪು ಕೂತಿದೆ. ಚೂರು ಹೋಗಲು ಜಾಗ ಎಲ್ಲಿದೆ? ರಸ್ತೆ ಮೇಲೆದ್ದು ಪಕ್ಕದ ನೀರಿನ ಪೈಪು ಮುರಿಯುತ್ತದೆ.

ಇಷ್ಟು ಕೇಳಿ ನೀವು ಲೈನರನ್ನೇ ಔಷಧಿ ಅಂದುಕೊಳ್ಳಬೇಡಿ. ಔಷಧಿಗಿಂತ ಮುಂಚೆ ನೋಡುವುದು. ಜೋರಾಗಿ ನೀರು ಚಿಮ್ಮುವ ಜೆಟ್ಟಿಂಗ್ ಮಷಿನ್ನಿನಿಂದ ತೊಳೆದು, ಗಾಲಿಯ ಮೇಲಿನ ಕ್ಯಾಮೆರಾ ಬಿಟ್ಟು, ಇಡೀ ಉದ್ದ ನೋಡದೆ ಯಾರೂ ಲೈನರ್ ಆರ್ಡರ್ ಮಾಡಬಾರದು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಕ್ಯಾಮೆರಾ ಹೋಗುತ್ತ ಹೋಗುತ್ತ ನಿಂತಿತು. ಪರದೆಯ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು. ಕೊಳಚೆಯ ಪೈಪಿನ ನೆತ್ತಿ ಒಡೆದು, ಅದರೊಳಗಿನಿಂದಲೇ ಆಚೆ ಬದಿಗೆ ಯಾರೋ ಕುಡಿಯುವ ನೀರಿನ ಲೈನು ದಾಟಿಸಿದ್ದರು. ನಮ್ಮ ಹಿಂದೆ ನಿಂತು ನೋಡುತ್ತಿದ್ದ ಆ ಓಣಿಯ ಒಬ್ಬ ತಾಯಿ, ‘ಅಯ್ಯ ಸಾಹೇಬ್ರ, ಇದೇ ನೀರೇನ್ರಿ ನಮ್ಮ ಮಕ್ಕಳು ಕುಡಿಲಾಕತ್ತಿದ್ದು?’ ಅಂದರು. ನಾನು ಉತ್ತರ ಕೊಡಲಾಗದೆ ನಿಂತೆ. ನಳದಲ್ಲಿ ನೀರು ಬರುವಾಗ ಒತ್ತಡ ಇರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗುತ್ತ ಹೊರಗಿನದನ್ನು ಹೀರುತ್ತದೆ. ಸೋರುವ ಒಳಚರಂಡಿಯ ಪಕ್ಕ ವಾರಕ್ಕೆರಡು ದಿನ ನೀರು ಬಿಡುವ ಲೈನು ಇದ್ದರೆ ಆ ಓಣಿಯಲ್ಲಿ ವಾಂತಿಭೇದಿ ಯಾಕೆ ಎಂದು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಕ್ಯಾಮೆರಾ ಇನ್ನೂ ಎರಡು ಸಂಗತಿ ಹೇಳುತ್ತದೆ. ಒಂದು, ಪೈಪು ಎಲ್ಲಿ ಹೊಟ್ಟೆ ಬಿಟ್ಟಿದೆ ಎಂಬುದು. ನಾನು ಹಾದಿ ಉಳಿದಿರುತ್ತದೆ ಅಂದೆ. ಹಾದಿಯೇ ಕುಸಿದ ಕಡೆ ಲೈನರ್ ಆ ಕುಸಿತವನ್ನೇ ನುಣ್ಣಗೆ ಮಾಡಿಕೊಡುತ್ತದೆ, ಅಷ್ಟೆ. ನೀರು ಅಲ್ಲಿ ನಿಲ್ಲುವುದು ತಪ್ಪುವುದಿಲ್ಲ. ಅಂಥ ಎರಡು ಮೂರು ಮೀಟರನ್ನು ಅಗೆದೇ ಸರಿಮಾಡಬೇಕು. ಇನ್ನೊಂದು, ಮನೆಗಳ ಸಂಪರ್ಕ. ನಮ್ಮಲ್ಲಿ ವೈ ಜಾಯಿಂಟ್ ಇಟ್ಟು ಕೂಡಿಸಿದ ಮನೆ ಅಪರೂಪ. ಉಳಿ ಸುತ್ತಿಗೆಯಿಂದ ತೂತು ಹೊಡೆದು, ಪಿವಿಸಿ ಪೈಪನ್ನು ಅರ್ಧ ಅಡಿ ಒಳಗೆ ಚಾಚಿ, ಸಂದಿಗೆ ಚಿಂದಿ ಬಟ್ಟೆ ತುರುಕಿರುತ್ತಾರೆ. ಲೈನರ್ ಹಾಕಿದಾಗ ಈ ಎಲ್ಲ ಬಾಯಿಗಳೂ ಮುಚ್ಚಿಹೋಗುತ್ತವೆ. ಆಮೇಲೆ ರೋಬಾಟ್ ಕಟ್ಟರ್ ಒಳಗೆ ಹೋಗಿ ಒಂದೊಂದನ್ನೇ ತೆರೆಯಬೇಕು. ಯಾವ ಬಾಯಿ ಎಷ್ಟು ಮೀಟರಿನಲ್ಲಿದೆ, ಗಡಿಯಾರದ ಯಾವ ಅಂಕಿಯ ಕಡೆಗಿದೆ ಎಂದು ಮೊದಲೇ ಬರೆದಿಟ್ಟಿರಬೇಕು. ಒಂದು ಸಲ ನಮ್ಮ ಪಟ್ಟಿಯಲ್ಲಿ ಒಂದು ಮನೆ ಬಿಟ್ಟುಹೋಯಿತು. ಮೂರನೇ ದಿನ ಆ ಮನೆಯ ಬಚ್ಚಲಿನಲ್ಲಿ ಹೊಲಸು ಮೇಲೆ ಬಂತು. ಮನೆಯಲ್ಲಿ ಬಾಣಂತಿ ಇದ್ದಳು. ಆ ತಪ್ಪು ನನ್ನ ಸಹಿ ಇದ್ದ ಪಟ್ಟಿಯದು. ಅದಾದ ಮೇಲೆ ಪ್ರತಿ ಮನೆಯ ಬಚ್ಚಲಿಗೆ ಬಣ್ಣದ ನೀರು ಹಾಕಿಸಿ, ಅದು ಕ್ಯಾಮೆರಾದಲ್ಲಿ ಕಾಣುವವರೆಗೆ ನಾನು ಯಾವ ಪಟ್ಟಿಗೂ ಸಹಿ ಮಾಡಲಿಲ್ಲ.

ಬಚ್ಚಲಿನ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತದೆ. ಘಾಟು ವಾಸನೆ, ಕಣ್ಣು ಉರಿಯುತ್ತದೆ, ತಲೆ ಸುತ್ತುತ್ತದೆ. ಒಣಗಿದ ನಹಾನಿ ಟ್ರ್ಯಾಪಿನಿಂದ, ಅಂದರೆ ವಾಸನೆ ತಡೆಯಲು ಬಚ್ಚಲಿನ ತೂತಿನಲ್ಲಿ ನೀರು ನಿಲ್ಲುವ ಬಾಗಿನಿಂದ, ಅದು ಮನೆಯೊಳಗೆ ಬರುತ್ತದೆ. ಕೆಲಸದ ಹಿಂದಿನ ದಿನ ಓಣಿಯಲ್ಲಿ ಮನೆಮನೆಗೆ ಹೋಗಿ, ‘ಅಕ್ಕಾ, ಬಳಸದ ಬಚ್ಚಲಿದ್ದರೆ ಒಂದು ಬಕೆಟ್ ನೀರು ಸುರಿಯಿರಿ, ನಾಳೆ ಕಿಟಕಿ ತೆರೆದಿಡಿ’ ಎಂದು ಹೇಳಬೇಕು. ಚೀಟಿ ಅಂಟಿಸಿದರೆ ಸಾಲದು, ಬಾಯಿಂದ ಹೇಳಬೇಕು. ಕಾಯಿಸಿದ ನೀರನ್ನು ತಣಿಸದೆ, ಪರೀಕ್ಷಿಸದೆ ನಾಲೆಗೆ ಬಿಡಲೂ ಬಾರದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮಲ್ಲಿ ಒಬ್ಬ ಹಿರಿಯ ಕೆಲಸಗಾರರಿದ್ದರು. ಯಾವ ಚೇಂಬರಿನ ಆಳ ಎಷ್ಟು, ಎಲ್ಲಿ ಬೇರು ಕಟ್ಟುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ನಕ್ಷೆ ನಮ್ಮ ಬಳಿ ಇರಲಿಲ್ಲ. ಬಿದಿರ ಗಳ ಹಿಡಿದು ಅವರು ಒಳಗೆ ಇಳಿಯುವರು, ನಾನು ಮೇಲೆ ನಿಂತು ಡೈರಿ ಬರೆಯುವೆ. ಒಮ್ಮೆ ಹೊರಗೆ ಬಂದು ಕೂತು, ‘ಸಾಹೇಬ್ರ, ಮೊದಲ ವಾಸನಿ ಬರ್ತದ, ಆಮ್ಯಾಲ ಬರಂಗಿಲ್ಲ. ಬರಲಾರದಾಗೇ ಅಂಜಿಕಿ ನೋಡ್ರಿ’ ಅಂದರು. ಎಷ್ಟೋ ವರ್ಷದ ಮೇಲೆ ಅದನ್ನೇ ಪುಸ್ತಕದಲ್ಲಿ ಓದಿದೆ: ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು) ದಾಟಿದರೆ ಮೂಗು ಅದನ್ನು ಗ್ರಹಿಸುವುದನ್ನೇ ಬಿಡುತ್ತದೆ. ಅವರಿಗೆ ಅದು ಮೈಯಿಂದ ಗೊತ್ತಿತ್ತು. ಅವರನ್ನು ಇಳಿಸಿದ ಸಾಲಿನಲ್ಲಿ ನಾನೂ ಇದ್ದೆ. ಆ ಡೈರಿಗಳನ್ನು ಈಗಲೂ ತೆರೆದು ನೋಡಲು ನನಗೆ ಮನಸ್ಸಾಗುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಸತ್ತವರ ಮನೆಯವರಿಗೆ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಮಾಡಿತು, 2023ರಲ್ಲಿ 30 ಲಕ್ಷ ಮಾಡಿತು. ಆದರೆ ಬೇರು ಕಟ್ಟುವ, ಮಣ್ಣು ಎಳೆಯುವ ಪೈಪು ಹಾಗೇ ಇರುವತನಕ ಯಾರನ್ನಾದರೂ ಇಳಿಸುವ ಒತ್ತಡವೂ ಹಾಗೇ ಇರುತ್ತದೆ. ಜಾಯಿಂಟ್ ಇಲ್ಲದ, ನುಣುಪಾದ, ಇಳಿಜಾರು ಸರಿಯಿರುವ ಲೈನು ಕಟ್ಟಿಕೊಳ್ಳುವುದು ಕಡಿಮೆ, ಕಟ್ಟಿಕೊಂಡರೂ ಜೆಟ್ಟಿಂಗಿಗೆ ಬಿಡುತ್ತದೆ. ರಸ್ತೆ ಅಗೆಯುವುದು ತಪ್ಪುತ್ತದೆ ಎಂಬುದಕ್ಕಿಂತ ನನಗೆ ಇದು ದೊಡ್ಡದು. ಲೈನರ್ ಹಾಕುವ ಕಂಪನಿಯವರೂ ಬ್ಲೋವರ್ ಇಲ್ಲದೆ, ಗ್ಯಾಸ್ ಮೀಟರ್ ಇಲ್ಲದೆ ತಮ್ಮ ಹುಡುಗರನ್ನು ಚೇಂಬರಿಗೆ ಇಳಿಸುವುದನ್ನು ಕಂಡಿದ್ದೇನೆ. ಅಲ್ಲಿ ನೀವು ಸೈಟ್ ಇಂಜಿನಿಯರ್ ಆಗಿದ್ದರೆ ಕೆಲಸ ನಿಲ್ಲಿಸಿ. ಬಿಲ್ಲಿನ ಮಾತು ಆಮೇಲೆ.

ಯಾವ ಓಣಿಯಿಂದ ಶುರು ಮಾಡಬೇಕು ಎಂದು ವಿದ್ಯಾರ್ಥಿಗಳು ಚೀಟಿ ಕಳಿಸಿದ್ದಾರೆ. ಅದಕ್ಕೆ ದುಡ್ಡಿಲ್ಲದ ಒಂದು ಉಪಾಯ ಇದೆ. ಬೆಳಗಿನ ಮೂರು ಗಂಟೆಗೆ ಊರು ಮಲಗಿರುತ್ತದೆ, ಬಚ್ಚಲು ಬಳಸುವವರು ಯಾರೂ ಇರುವುದಿಲ್ಲ. ಆಗ ಚೇಂಬರಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ತಿಳಿಯಾದ ನೀರು ಜೋರಾಗಿ ಹರಿಯುತ್ತಿದ್ದರೆ ಅದು ಯಾರ ಮನೆಯದೂ ಅಲ್ಲ. ನೆಲದ ನೀರು ಒಳಗೆ ಬರುತ್ತಿದೆ, ಇಲ್ಲವೇ ನಳದ ಲೈನು ಸೋರಿ ಸೇರುತ್ತಿದೆ. ಒಂದೊಂದೇ ಚೇಂಬರ್ ಮೇಲಕ್ಕೆ ಹೋಗುತ್ತ, ಆ ನೀರು ಎಲ್ಲಿ ಇಲ್ಲವಾಗುತ್ತದೆಯೋ ಅದರ ಕೆಳಗಿನ ಉದ್ದವೇ ಕೆಟ್ಟದ್ದು. ಮಳೆಗಾಲ ಮುಗಿಯುತ್ತ ಬಂದ ಈ ದಿನಗಳೇ ಅದಕ್ಕೆ ಸರಿಯಾದ ಕಾಲ. ಶನಿವಾರ ರಾತ್ರಿ ಕಳೆದು ಎರಡೂವರೆಗೆ ನಾನು ಜಗತ್ ವೃತ್ತದ ಹತ್ತಿರ ಇರುತ್ತೇನೆ. ಮುಚ್ಚಳ ಎತ್ತುವ ಕೊಕ್ಕೆ, ಗ್ಯಾಸ್ ಮೀಟರ್, ನಾಲ್ಕು ಟಾರ್ಚ್, ಒಂದು ಅಳತೆ ಕೋಲು ನಾನು ತರುತ್ತೇನೆ. ಬರುವವರು ನೋಟ್ ಪುಸ್ತಕ ತನ್ನಿ. ಒಳಗೆ ಯಾರೂ ಇಳಿಯುವುದಿಲ್ಲ.